ಮೂಗಿನಲ್ಲಿ ಆಂಜಿಯೋಫೈಬ್ರೋಮಾ ಅಂತೆ. ತುಣುಕು ತೆಗೆದು ನೋಡದೆ ಹೇಗೆ ಹೇಳ್ತಾರೆ?

ಗಂಗಾವಳಿ_ಮಾವ (ಅಂಕೋಲಾ)

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನ ವಿಷಯ. ಹದಿನೈದು ವರ್ಷ, ಹತ್ತನೇ ಕ್ಲಾಸು. ಮಳೆಗಾಲದಿಂದ ಎಡ ಮೂಗು ಕಟ್ಟಿಕೊಂಡೇ ಇದೆ. ನಡುನಡುವೆ ಅದೇ ಕಡೆಯಿಂದ ರಕ್ತ ಬರುತ್ತದೆ. ನೋವಿಲ್ಲ, ಜ್ವರ ಇಲ್ಲ. ಮನೆಯಲ್ಲಿ ಉಷ್ಣ ಅಂದುಕೊಂಡು ಮುರುಗಲು ಪಾನಕ, ಎಳನೀರು ಕೊಟ್ಟರು. ಆಮೇಲೆ ಒಬ್ಬ ಡಾಕ್ಟರು ಅಲರ್ಜಿ ಅಂತ ಸ್ಪ್ರೇ ಬರೆದರು. ಕಡಿಮೆ ಆಗಲಿಲ್ಲ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನೆ. ಮಾತು ಮೂಗು ಹಿಡಿದು ಆಡಿದ ಹಾಗೆ ಆಗಿದೆ.

ಮೊನ್ನೆ ಶಾಲೆಯಲ್ಲಿ ಜೋರಾಗಿ ರಕ್ತ ಬಂತು. ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಸಣ್ಣ ಕ್ಯಾಮೆರಾ ಹಾಕಿ ನೋಡಿ, ಮೂಗಿನ ಹಿಂಭಾಗದಲ್ಲಿ ಕೆಂಪಗೆ ನುಣ್ಣಗೆ ಗಂಟು ಇದೆ, ಆಂಜಿಯೋಫೈಬ್ರೋಮಾ ಇದ್ದ ಹಾಗಿದೆ ಅಂದರು. ಡೈ ಹಾಕಿ ಸಿಟಿ ಸ್ಕ್ಯಾನ್, ಜೊತೆಗೆ ಎಂಆರ್‌ಐ ಮಾಡಿಸಲು ಬರೆದರು. ಬಯಾಪ್ಸಿ ಮಾಡಿ ಅಂತ ನಾವೇ ಕೇಳಿದೆವು. "ಅದನ್ನು ನಾನು ಮುಟ್ಟೋದಿಲ್ಲ, ನೀವೂ ಯಾರಿಗೂ ಮುಟ್ಟೋಕೆ ಬಿಡಬೇಡಿ" ಅಂದರು.

ಭಾವನಿಗೆ ಇದು ಸರಿ ಬಂದಿಲ್ಲ. ಡಾಕ್ಟರಿಗೆ ಧೈರ್ಯ ಸಾಲದು, ಬೇರೆ ಕಡೆ ತೋರಿಸಿ ತುಣುಕು ಪರೀಕ್ಷೆ ಮಾಡಿಸೋಣ ಅಂತ ಹಟ ಹಿಡಿದಿದ್ದಾನೆ. ತುಣುಕು ತೆಗೆಯದೆ ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಗೆ ಹೇಳ್ತಾರೆ? ತಿಳಿದವರು ಯಾರಾದರೂ ಇದ್ದೀರಾ?

ಕಾನಸೂರು_ಅಡಿಕೆ (ಸಿದ್ದಾಪುರ)

ಮೂಗಿನಲ್ಲಿ ರಕ್ತ ಅಂದ ಕೂಡಲೇ ನಮ್ಮ ಕಡೆ ಮಂಗನ ಕಾಯಿಲೆ ನೆನಪಾಗುತ್ತದೆ. ಹುಡುಗ ಕಾಡಿಗೆ ಹೋಗಿದ್ದನಾ? ಉಣ್ಣಿ ಕಚ್ಚಿತ್ತಾ? ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತ ನನ್ನ ಅಭಿಪ್ರಾಯ.

ಗುಣವಂತೆ_ಇಎನ್‌ಟಿ

ನಾನು ಹೊನ್ನಾವರ ಕಡೆಯವಳು. ಈಗ ಹೊರಗೆ ಇಎನ್‌ಟಿಯಲ್ಲಿ ಪಿಜಿ ಮಾಡುತ್ತಿದ್ದೇನೆ. ಹುಡುಗನನ್ನು ನೋಡದೆ ರೋಗ ಹೇಳುವುದಿಲ್ಲ, ಆದರೆ ಈ ಗಂಟಿನ ಬಗ್ಗೆ ಹೇಳಬಲ್ಲೆ.

ಕಾನಸೂರಿನವರೇ, ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ರಕ್ತ ಬರುವುದು ಜ್ವರದ ಜೊತೆಗೆ. ಕೆಲವು ದಿನಗಳ ಆಟ ಅದು. ತಿಂಗಳುಗಟ್ಟಲೆ ಒಂದೇ ಹೊಳ್ಳೆಯಿಂದ, ಜ್ವರವಿಲ್ಲದೆ ಬರುವುದಿಲ್ಲ. ಹದಿಹರೆಯದ ಹುಡುಗ, ಒಂದೇ ಕಡೆ ಮೂಗು ಕಟ್ಟುವುದು, ಅದೇ ಕಡೆ ಪದೇ ಪದೇ ರಕ್ತ, ನೋವಿಲ್ಲ. ಈ ನಾಲ್ಕು ಒಟ್ಟಿಗೆ ಬಂದರೆ ಪರೀಕ್ಷೆಯಲ್ಲಿ ನಾವೆಲ್ಲ ಕಣ್ಣುಮುಚ್ಚಿ ಬರೆಯುವ ಉತ್ತರ ಆಂಜಿಯೋಫೈಬ್ರೋಮಾ. ಪೂರ್ತಿ ಹೆಸರು ಜುವೆನೈಲ್ ನೇಸೋಫ್ಯಾರಿಂಜಿಯಲ್ ಆಂಜಿಯೋಫೈಬ್ರೋಮಾ. ರಕ್ತನಾಳಗಳಿಂದ ತುಂಬಿದ, ಕ್ಯಾನ್ಸರ್ ಅಲ್ಲದ ಗಂಟು ಇದು. ಸುಲಭಕ್ಕೆ ಜೆಎನ್‌ಎ ಅನ್ನುತ್ತೇವೆ. ತಲೆ ಮತ್ತು ಕುತ್ತಿಗೆಯ ಗಡ್ಡೆಗಳನ್ನೆಲ್ಲ ಸೇರಿಸಿದರೆ ಇದರ ಪಾಲು ಶೇಕಡಾ ಅರ್ಧಕ್ಕಿಂತ ಜಾಸ್ತಿ ಇಲ್ಲ. ಹಾಗಾಗಿ ಊರಿನ ಡಾಕ್ಟರು ಮೊದಲು ಅಲರ್ಜಿ ಅಂದಿದ್ದು ಆಶ್ಚರ್ಯವೇನಲ್ಲ. ಆದರೆ ಒಂದೇ ಕಡೆ ಕಟ್ಟಿದ ಮೂಗನ್ನು ತಿಂಗಳುಗಟ್ಟಲೆ ಅಲರ್ಜಿ ಅನ್ನುತ್ತಾ ಕೂರಬಾರದು. ಅಲರ್ಜಿ ಸಾಮಾನ್ಯವಾಗಿ ಎರಡೂ ಕಡೆ ಕಾಡುತ್ತದೆ.

ಈಗ ಬಯಾಪ್ಸಿ ವಿಷಯ. ಈ ಗಂಟು ಹುಟ್ಟುವುದು ಮೂಗಿನ ಹಿಂಭಾಗದ ಪಕ್ಕದ ಗೋಡೆಯಲ್ಲಿ, ಸ್ಫೀನೋಪ್ಯಾಲಟೈನ್ ರಂಧ್ರ ಅಂತ ಇದೆ, ಅದರ ಸುತ್ತಮುತ್ತ. ರಕ್ತ ತರುವುದು ಮುಖ್ಯವಾಗಿ ಮ್ಯಾಕ್ಸಿಲ್ಲರಿ ಅಪಧಮನಿ. ದೊಡ್ಡ ನಳ ಅದು. ಗಂಟಿನ ತುಂಬ ರಕ್ತನಾಳಗಳು. ನಮ್ಮ ಮೈಯ ಸಾಮಾನ್ಯ ನಾಳ ಕೊಯ್ದರೆ ಅದರ ಗೋಡೆಯ ಸ್ನಾಯು ಬಿಗಿದುಕೊಂಡು ರಕ್ತ ನಿಲ್ಲಿಸಲು ನೋಡುತ್ತದೆ. ಈ ಗಂಟಿನ ಎಷ್ಟೋ ನಾಳಗಳಿಗೆ ಆ ಸ್ನಾಯುವೇ ಸರಿಯಾಗಿ ಇಲ್ಲ. ಬಾಯಿ ಕಟ್ಟಲು ದಾರವೇ ಇಲ್ಲದ ಚೀಲದ ಹಾಗೆ. ಒಪಿಡಿಯಲ್ಲಿ ಕೂರಿಸಿ ಒಂದು ಚೂರು ಕಿತ್ತರೆ ನಿಲ್ಲಿಸುವುದು ಕಷ್ಟ. ಹುಡುಗನ ಪ್ರಾಣಕ್ಕೇ ಬರಬಹುದು. ನಿಮ್ಮ ಡಾಕ್ಟರು ಮುಟ್ಟೋದಿಲ್ಲ ಅಂದಿದ್ದು ಕಲಿತ ಪಾಠವನ್ನೇ. ಭಾವನಿಗೆ ದಯವಿಟ್ಟು ಹೇಳಿ, ತುಣುಕು ತೆಗೆಯಲು ಒಪ್ಪುವವರನ್ನು ಹುಡುಕಿಕೊಂಡು ಹೋಗುವುದೇ ಇಲ್ಲಿ ಅಪಾಯ.

ಹಾಗಾದರೆ ಗೊತ್ತಾಗುವುದು ಹೇಗೆ? ಸ್ಕ್ಯಾನ್‌ನಿಂದ. ಡೈ ಹಾಕಿದ ಸಿಟಿಯಲ್ಲಿ ಗಂಟು ಬೆಳ್ಳಗೆ ಹೊಳೆಯುತ್ತದೆ, ಅಷ್ಟು ರಕ್ತ ಅದರಲ್ಲಿ. ಆ ರಂಧ್ರ ಅಗಲವಾಗಿರುತ್ತದೆ. ಕೆನ್ನೆಯ ಸೈನಸ್‌ನ ಹಿಂದಿನ ಗೋಡೆ ಮುಂದಕ್ಕೆ ಬಾಗಿರುತ್ತದೆ. ಇದಕ್ಕೆ ಹೋಲ್ಮನ್-ಮಿಲ್ಲರ್ ಚಿಹ್ನೆ ಅಂತ ಹೆಸರು, 1965ರಿಂದ ಪುಸ್ತಕಗಳಲ್ಲಿದೆ. ಗಂಟು ನಿಧಾನವಾಗಿ ಬೆಳೆಯುತ್ತಾ ಮೂಳೆಯನ್ನು ತಳ್ಳಿರುತ್ತದೆ, ಅದರ ಗುರುತು ಅದು. ಎಂಆರ್‌ಐಯಲ್ಲಿ ಗಂಟಿನ ಒಳಗೆ ಕಪ್ಪು ಚುಕ್ಕೆ, ಗೆರೆ ಕಾಣುತ್ತವೆ. ರಕ್ತ ಜೋರಾಗಿ ಹರಿಯುವ ನಾಳಗಳು ಅವು. ಮೂಳೆ ನೋಡಲು ಸಿಟಿ. ಕಣ್ಣು ಮತ್ತು ಮೆದುಳಿನ ಹತ್ತಿರ ಎಷ್ಟು ಹೋಗಿದೆ ಅಂತ ನೋಡಲು ಎಂಆರ್‌ಐ. ಎರಡನ್ನೂ ಬರೆದಿದ್ದಾರೆ ಅಂದರೆ ಡಾಕ್ಟರು ಸರಿಯಾದ ದಾರಿಯಲ್ಲೇ ಇದ್ದಾರೆ.

ಗಂಗಾವಳಿ_ಮಾವ

ತುಂಬ ಉಪಕಾರ ಆಯ್ತು ಡಾಕ್ಟರ್ ಮೇಡಂ. ಭಾವನಿಗೆ ಇದನ್ನೇ ಓದಿ ಹೇಳಿದೆ. "ಕ್ಯಾನ್ಸರ್ ಅಲ್ಲ ಅಂತ ಬರೆದುಕೊಡ್ತಾರಾ ಕೇಳು" ಅಂದ. ಅವನ ಸ್ವಭಾವವೇ ಹಾಗೆ. ಇನ್ನೊಂದು, ಹುಡುಗ ಸಣ್ಣವನಿದ್ದಾಗಿನಿಂದ ಕೆರೆಯಲ್ಲಿ ಈಜುತ್ತಾನೆ. ಕೆರೆ ನೀರಿನಿಂದ ಮೂಗಿನಲ್ಲಿ ಮಾಂಸ ಬೆಳೆಯುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಹೌದಾ?

ಗುಣವಂತೆ_ಇಎನ್‌ಟಿ

ಮೇಡಂ ಎಲ್ಲ ಬೇಡ ಮಾವ, ನಿಮ್ಮ ಅಳಿಯನಿಗಿಂತ ಸ್ವಲ್ಪ ದೊಡ್ಡವಳು ಅಷ್ಟೇ.

ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ರೈನೋಸ್ಪೊರಿಡಿಯೋಸಿಸ್ ಅಂತ ಒಂದು ಸೋಂಕಿದೆ. ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಜಾಸ್ತಿ. ನಿಂತ ನೀರಿನ ಕೆರೆ, ಹೊಂಡದಲ್ಲಿ ಮೀಯುವವರಲ್ಲಿ ಕಾಣುತ್ತದೆ. ಅದೂ ಕೆಂಪಗೆ ಇರುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಆದರೆ ಮೇಲ್ಮೈ ತರಿತರಿ, ಅದರ ಮೇಲೆ ಬಿಳಿ ಚುಕ್ಕೆಗಳು. ಹೆಚ್ಚಾಗಿ ಮೂಗಿನ ಒಳಗೇ ಇರುತ್ತದೆ, ಸೈನಸ್ ಗೋಡೆಯನ್ನು ಜೆಎನ್‌ಎ ತರಹ ಮುಂದಕ್ಕೆ ತಳ್ಳುವುದಿಲ್ಲ. ಇನ್ನೊಂದು ಆಂಟ್ರೋಕೋನಲ್ ಪಾಲಿಪ್. ಅದೂ ಈ ವಯಸ್ಸಿನ ಮಕ್ಕಳಲ್ಲಿ ಒಂದೇ ಕಡೆ ಬರುತ್ತದೆ. ಆದರೆ ಬಿಳಿಚಿಕೊಂಡಿರುತ್ತದೆ, ಸಾಮಾನ್ಯವಾಗಿ ರಕ್ತ ಸುರಿಸುವುದಿಲ್ಲ. ಜೆಎನ್‌ಎಗೂ ಕೆರೆ ನೀರಿಗೂ ಸಂಬಂಧವಿಲ್ಲ.

ಕ್ಯಾನ್ಸರ್ ಪ್ರಶ್ನೆ. ಇಡೀ ಗಂಟನ್ನು ತೆಗೆದ ಮೇಲೆ ಪೆಥಾಲಜಿಗೆ ಕಳಿಸುತ್ತಾರೆ. ಕೊನೆಯ ಮಾತು ಆ ವರದಿಯದ್ದೇ. ಪರೀಕ್ಷೆ ಆಗುವುದೇ ಇಲ್ಲ ಅಂತ ಅಲ್ಲ, ಕ್ರಮ ಹಿಂದುಮುಂದು ಅಷ್ಟೇ. ಸ್ಕ್ಯಾನ್ ಏನಾದರೂ ಬೇರೆ ತರಹ ಕಂಡರೆ, ಅಥವಾ ಹುಡುಗಿಯಲ್ಲಿ ಇಂಥ ಗಂಟು ಸಿಕ್ಕರೆ, ಆಗ ಅನುಮಾನ ಪಡಬೇಕು. ಆಗ ಬಯಾಪ್ಸಿ ಮಾಡುತ್ತಾರೆ, ಆದರೆ ಆಪರೇಷನ್ ಥಿಯೇಟರಿನಲ್ಲಿ, ರಕ್ತದ ಬಾಟಲಿ ಪಕ್ಕದಲ್ಲಿಟ್ಟುಕೊಂಡು.

ತದಡಿ_ಮೆಕ್ಯಾನಿಕ್

ಇದನ್ನು ಓದಿ ಸುಮ್ನೆ ಇರಲಿಕ್ಕೆ ಆಗಲಿಲ್ಲ. ನನಗೂ ಇದೇ ಆಗಿತ್ತು. ಈಗ ಬೋಟ್ ಇಂಜಿನ್ ರಿಪೇರಿ ಮಾಡಿಕೊಂಡು ಆರಾಮಾಗಿದ್ದೇನೆ, ಮದುವೆಯೂ ಆಗಿದೆ.

ಹದಿನಾರರಲ್ಲಿ ಮೂಗು ಕಟ್ಟಿತು. ಪಾಲಿಪ್ ಅಂದರು. ಒಂದು ಕಡೆ, ಹೆಸರು ಬೇಡ, ಸ್ಕ್ಯಾನ್ ಮಾಡದೆ ಪಾಲಿಪ್ ತೆಗೀತೇವೆ ಅಂತ ಇಕ್ಕಳ ಹಾಕಿದರು. ಆಮೇಲೆ ಏನಾಯ್ತು ಅಂತ ನನಗಿಂತ ನಮ್ಮ ಅಪ್ಪನಿಗೆ ಚೆನ್ನಾಗಿ ಗೊತ್ತು. ಟ್ರೇ ತುಂಬಿತು, ನೆಲಕ್ಕೂ ಬಂತು. ಬಟ್ಟೆ ತುರುಕಿದರು, ಗಂಟಲ ಹಿಂದೆಯಿಂದ ಮತ್ತೆ ಇಳಿಯಿತು. ಕೊನೆಗೆ ಬಲೂನ್ ಹಾಕಿ ಒತ್ತಿ ನಿಲ್ಲಿಸಿ ಆಂಬುಲೆನ್ಸ್‌ನಲ್ಲಿ ಅರಬೈಲ್ ಘಾಟ್ ಹತ್ತಿಸಿದರು. ಘಾಟಿನ ಒಂದೊಂದು ತಿರುವಿಗೂ ಅಪ್ಪ ಬಾಯಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದ, ರಕ್ತ ಇಳೀತಾ ಇದೆಯಾ ಅಂತ.

ಅಲ್ಲಿ ಮೊದಲು ರಕ್ತ ಕೊಟ್ಟು ಮೈಗೆ ಶಕ್ತಿ ಬರಿಸಿದರು. ಆಮೇಲೆ ಸ್ಕ್ಯಾನ್. ಆಮೇಲೆ ತೊಡೆಸಂದಿಯಿಂದ ತಂತಿ ಹಾಕಿ ರಕ್ತನಾಳ ಮುಚ್ಚಿದರು. ಮರುದಿನ ಆಪರೇಷನ್. ಮುಖದ ಮೇಲೆ ಗಾಯದ ಗುರುತೇ ಇಲ್ಲ. ಮೂಗಿನ ಒಳಗಿಂದಲೇ ತೆಗೆದಿದ್ದು.

ಗಂಗಾವಳಿಯವರೇ, ಭಾವನಿಗೆ ಬೇಕಾದರೆ ನಾನೇ ಮಾತಾಡುತ್ತೇನೆ.

ಅಪ್ಪೆಮಿಡಿ (ಶಿರಸಿ)

ಎಲ್ಲರೂ ಆಪರೇಷನ್ ಆಪರೇಷನ್ ಅಂತೀರಿ. ಇದು ಕ್ಯಾನ್ಸರ್ ಅಲ್ಲ, ಹುಡುಗರಿಗೆ ಮಾತ್ರ ಬರುತ್ತದೆ, ವಯಸ್ಸು ಇಪ್ಪತ್ತು ದಾಟಿದ ಮೇಲೆ ತಾನೇ ಕುಗ್ಗುತ್ತದೆ ಅಂತ ನಾನು ಓದಿದ್ದೇನೆ. ಹಾಗಿದ್ದಮೇಲೆ ನಾಟಿ ಔಷಧಿ ಮಾಡಿ, ಪಥ್ಯ ಹಿಡಿದು ಐದು ವರ್ಷ ಕಾದರೆ ಏನು ಹೋಯಿತು? ನಮ್ಮ ಕಡೆ ಮೂಗಿಗೆ ಬಿಡುವ ಸೊಪ್ಪಿನ ರಸ ಇದೆ, ಎಷ್ಟೋ ಜನರ ದುರ್ಮಾಂಸ ಉದುರಿದೆ.

ತದಡಿ_ಮೆಕ್ಯಾನಿಕ್

ಉದುರಿದರೆ ರಕ್ತ ಎಲ್ಲಿಗೆ ಹೋಗುತ್ತದೆ ಮಾರಾಯರೇ?

ಗುಣವಂತೆ_ಇಎನ್‌ಟಿ

ಅಪ್ಪೆಮಿಡಿಯವರೇ, ನೀವು ಓದಿದ್ದರಲ್ಲಿ ಒಂದು ಎಳೆ ನಿಜ ಇದೆ. ತಾನಾಗಿ ಕುಗ್ಗಿದ ಕೆಲವು ಕೇಸುಗಳು ವರದಿಯಾಗಿವೆ. ಅದರಲ್ಲಿ ಹೆಚ್ಚಿನವು ಆಪರೇಷನ್ ಆದಮೇಲೆ ಉಳಿದ ಚೂರುಗಳು. ಇಡೀ ಗಂಟು ಇಟ್ಟುಕೊಂಡು ಕಾಯಿರಿ ಅಂತ ಅದರ ಮೇಲೆ ಯಾರೂ ಹೇಳುವುದಿಲ್ಲ.

ಕಾಯುವಾಗ ಏನಾಗುತ್ತದೆ ಅಂದರೆ, ಇದು ಕ್ಯಾನ್ಸರ್ ಅಲ್ಲದಿದ್ದರೂ ಇರುವ ಜಾಗದಲ್ಲಿ ಸುಮ್ಮನಿರುವುದಿಲ್ಲ. ಸಿಕ್ಕ ರಂಧ್ರದಲ್ಲೆಲ್ಲ ನುಗ್ಗುತ್ತದೆ. ಕಿವಿಯ ನಾಳ ಮುಚ್ಚಿದರೆ ಆ ಕಡೆ ಕಿವಿ ಮಂದ. ಕೆನ್ನೆ ಕಡೆ ಹೋದರೆ ಮುಖ ಊದುತ್ತದೆ. ಕಣ್ಣಿನ ಗೂಡಿಗೆ ಹೋದರೆ ಕಣ್ಣು ಮುಂದಕ್ಕೆ ಬರುತ್ತದೆ, ದೃಷ್ಟಿಯೂ ಹೋಗಬಹುದು. ತಲೆಬುರುಡೆಯ ತಳ ಸವೆಸಿ ಮೆದುಳಿನ ಪೊರೆಯವರೆಗೂ ಹೋಗುತ್ತದೆ. ಅಷ್ಟರೊಳಗೆ ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಇಳಿದಿರುತ್ತದೆ. ಚಿಕ್ಕದಿದ್ದಾಗ ಮೂಗಿನಿಂದ ಸುಲಭವಾಗಿ ತೆಗೆಯಬಹುದಾಗಿದ್ದು ಆಮೇಲೆ ನ್ಯೂರೋಸರ್ಜನ್ ಜೊತೆ ಕೂತು ತೆಗೆಯಬೇಕಾಗುತ್ತದೆ.

ಹುಡುಗರಿಗೇ ಯಾಕೆ ಬರುತ್ತದೆ ಅನ್ನುವುದಕ್ಕೆ ಗಂಡು ಹಾರ್ಮೋನ್ ಕಾರಣ ಅಂತ ಬಹಳ ಜನ ನಂಬುತ್ತಾರೆ. ಗಂಟಿನಲ್ಲಿ ಆ ಹಾರ್ಮೋನ್ ಹಿಡಿಯುವ ರಿಸೆಪ್ಟರ್‌ಗಳು ಸಿಕ್ಕಿವೆ. ಗರ್ಭದಲ್ಲೇ ಮಾಯವಾಗಬೇಕಿದ್ದ ಒಂದು ರಕ್ತನಾಳದ ಉಳಿಕೆ ಇದು ಅನ್ನುವ ವಾದವೂ ಇದೆ. ಹಾರ್ಮೋನ್ ತಡೆಯುವ ಫ್ಲುಟಮೈಡ್ ಮಾತ್ರೆಯನ್ನು ದೆಹಲಿ ಏಮ್ಸ್‌ನಲ್ಲಿ ಆಪರೇಷನ್‌ಗೆ ಮೊದಲು ಆರು ವಾರ ಕೊಟ್ಟು ನೋಡಿದ್ದರು. ಹರೆಯ ಪೂರ್ತಿ ಬಂದವರಲ್ಲಿ ಗಂಟು ಸ್ವಲ್ಪ ಕುಗ್ಗಿತು, ಮಾಯವಾಗಲಿಲ್ಲ. ಬೆಳೆಯುವ ಹುಡುಗನಿಗೆ ಹಾರ್ಮೋನ್ ತಡೆಯುವುದು, ಲಿವರ್ ಮೇಲೆ ಕಣ್ಣಿಡುವುದು, ಇದೆಲ್ಲ ಇರುವುದರಿಂದ ಎಲ್ಲರಿಗೂ ಕೊಡುವ ಔಷಧಿ ಅಲ್ಲ ಅದು.

ಸೊಪ್ಪಿನ ರಸ ಮಾತ್ರ ದಯವಿಟ್ಟು ಬೇಡ. ಮೂಗಿಗೆ ಖಾರದ್ದು, ಸುಡುವಂಥದ್ದು ಏನು ಬಿಟ್ಟರೂ ಸೀನು ಬರುತ್ತದೆ, ಗಂಟಿನ ಮೇಲಿನ ಪದರ ಕಿತ್ತು ಬರುತ್ತದೆ.

ಅಪ್ಪೆಮಿಡಿ

ನೀವು ಕಲಿತದ್ದು ನೀವು ಹೇಳ್ತೀರಿ. ನಾನು ಕಂಡಿದ್ದು ನಾನು ಹೇಳಿದೆ. ಇಷ್ಟಕ್ಕೇ ಬಿಡುತ್ತೇನೆ.

ಶಿರಸಿ_ಶಾಲಾಮೇಡಂ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ತಂಗಿಯ ಮಗಳಿಗೂ ಚರ್ಮದ ಡಾಕ್ಟರು ಆಂಜಿಯೋಫೈಬ್ರೋಮಾ ಅಂತಲೇ ಬರೆದಿದ್ದಾರೆ. ಆದರೆ ಅವಳಿಗೆ ಮೂಗಿನ ಒಳಗೆ ಏನೂ ಇಲ್ಲ. ಮೂಗಿನ ಅಕ್ಕಪಕ್ಕ, ಕೆನ್ನೆ ಮೇಲೆ ಸಣ್ಣ ಸಣ್ಣ ಕೆಂಪು ಗುಳ್ಳೆ. ಮೊಡವೆ ಅಂದುಕೊಂಡಿದ್ದೆವು. ಇಲ್ಲಿ ಓದಿ ಹೆದರಿಕೆ ಆಯ್ತು. ಅದೂ ಹೀಗೇ ರಕ್ತ ಸುರಿಸುತ್ತದಾ?

ಗುಣವಂತೆ_ಇಎನ್‌ಟಿ

ಇಲ್ಲ ಅಕ್ಕಾ, ಹೆದರಬೇಡಿ. ಹೆಸರು ಒಂದೇ, ಕಾಯಿಲೆ ಬೇರೆ. ಮುಖದ ಮೇಲೆ ಗುಂಪಾಗಿ ಬರುವ ಈ ಗುಳ್ಳೆಗಳು ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ ವಂಶವಾಹಿ ಕಾಯಿಲೆಯ ಗುರುತು ಆಗಿರಬಹುದು. ಹುಡುಗ ಹುಡುಗಿ ಇಬ್ಬರಿಗೂ ಬರುತ್ತದೆ. ಅವಳಿಗೆ ಸಣ್ಣವಳಿದ್ದಾಗ ಫಿಟ್ಸ್ ಬಂದಿತ್ತಾ? ಮೈಮೇಲೆ ಎಲೆ ಆಕಾರದ ಬಿಳಿ ಮಚ್ಚೆ ಇದೆಯಾ? ಇವು ಇದ್ದರೆ ಚರ್ಮದ ಡಾಕ್ಟರ ಜೊತೆ ನರರೋಗ ತಜ್ಞರೂ ನೋಡಬೇಕು. ಮೆದುಳು, ಕಿಡ್ನಿ, ಹೃದಯ ಎಲ್ಲ ಒಮ್ಮೆ ಪರೀಕ್ಷೆ ಆಗಬೇಕು. ಗುಳ್ಳೆಗಳಿಗೆ ಸಿರೋಲಿಮಸ್ ಅನ್ನುವ ಔಷಧಿಯ ಜೆಲ್ ಇದೆ. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಲೇಸರ್ ಕೂಡ ಮಾಡುತ್ತಾರೆ. ಪ್ರಾಣಕ್ಕೆ ಅಪಾಯ ಮಾಡುವ ಗುಳ್ಳೆಗಳಲ್ಲ ಅವು.

ಶಿರಸಿ_ಶಾಲಾಮೇಡಂ

ಫಿಟ್ಸ್ ಬಂದಿತ್ತು, ಎರಡು ವರ್ಷದವಳಿದ್ದಾಗ. ಮಾತ್ರೆ ಈಗಲೂ ನಡೆಯುತ್ತಿದೆ. ಆದರೆ ಎರಡನ್ನೂ ಒಟ್ಟಿಗೆ ಯಾರೂ ನೋಡಿರಲಿಲ್ಲ. ತಂಗಿಗೆ ಈಗಲೇ ಫೋನ್ ಮಾಡುತ್ತೇನೆ.

ಓಟಿ_ಸಿಸ್ಟರ್ (ಕುಮಟಾ, ಈಗ ಮಂಗಳೂರು)

ನಾನು ಥಿಯೇಟರಿನಲ್ಲಿ ಕೆಲಸ ಮಾಡುವವಳು. ಇಂಥ ಕೇಸು ಬಂದ ದಿನ ಬೆಳಿಗ್ಗೆಯಿಂದಲೇ ನಮಗೆ ಗಡಿಬಿಡಿ. ಡಾಕ್ಟರ್ ತಂಗಿ ಹೇಳದ ಒಂದೆರಡು ವಿಷಯ ಹೇಳುತ್ತೇನೆ.

ಗಂಗಾವಳಿ ಅಣ್ಣಾ, ಆಸ್ಪತ್ರೆ ಆರಿಸುವಾಗ ಬೋರ್ಡ್ ನೋಡಬೇಡಿ. ನೇರವಾಗಿ ಕೇಳಿ: ನಿಮ್ಮಲ್ಲಿ ಎಂಬೋಲೈಸೇಷನ್ ಮಾಡುತ್ತೀರಾ? ಅಂದರೆ ತದಡಿಯವರು ಹೇಳಿದ ತಂತಿ ಹಾಕುವ ಕೆಲಸ. ಅದಕ್ಕೆ ಡಿಎಸ್‌ಎ (ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ತೋರಿಸುವ) ಮೆಷಿನ್ ಬೇಕು, ಅದನ್ನೇ ಮಾಡುವ ರೇಡಿಯಾಲಜಿ ಡಾಕ್ಟರು ಬೇಕು. ತೊಡೆಯ ಅಪಧಮನಿಯಿಂದ ಸಪೂರ ನಳಿಗೆ ಕುತ್ತಿಗೆವರೆಗೆ ಕೊಂಡುಹೋಗಿ, ಗಂಟಿಗೆ ರಕ್ತ ಕೊಡುವ ಕವಲಿಗೆ ಸಣ್ಣ ಸಣ್ಣ ಕಣ ಬಿಟ್ಟು ಮುಚ್ಚುತ್ತಾರೆ. ಅದಾಗಿ ಒಂದರಿಂದ ಮೂರು ದಿನದೊಳಗೆ ಆಪರೇಷನ್ ಆಗಬೇಕು. ತಡ ಮಾಡಿದರೆ ಬೇರೆ ನಾಳಗಳು ರಕ್ತ ಕೊಡಲು ಶುರು ಮಾಡುತ್ತವೆ. ಅದಕ್ಕೇ ಒಂದು ಊರಲ್ಲಿ ಎಂಬೋಲೈಸೇಷನ್, ಇನ್ನೊಂದು ಊರಲ್ಲಿ ಆಪರೇಷನ್ ಅಂತ ಹೊಂದಿಸಿದರೆ ಒಪ್ಪಬೇಡಿ. ನಡುವೆ ಹೆದ್ದಾರಿ ಬಂದ್ ಆದರೆ ಏನು ಮಾಡ್ತೀರಿ? ಶಿರೂರು ಗುಡ್ಡ ಕುಸಿದ ವರ್ಷ ಅಂಕೋಲಾದವರಿಗೆ ಬೇರೆ ಹೇಳಬೇಕಾ.

ಎರಡನೆಯದು, ಎಂಡೋಸ್ಕೋಪಿಯಲ್ಲಿ ತೆಗೆಯುತ್ತೀರಾ, ತೆರೆದು ತೆಗೆಯುತ್ತೀರಾ? ದೊಡ್ಡ ಗಂಟಿಗೆ ಕೆಲವೊಮ್ಮೆ ಮೇಲ್ತುಟಿಯ ಒಳಗಿಂದ ಕೊಯ್ದು ಮುಖದ ಚರ್ಮ ಮೇಲೆತ್ತಿ ಮಾಡುತ್ತಾರೆ. ಅದರಲ್ಲೂ ಹೊರಗೆ ಗಾಯ ಕಾಣುವುದಿಲ್ಲ. ತೆರೆದು ಮಾಡುತ್ತೇವೆ ಅಂದ ಮಾತ್ರಕ್ಕೆ ಹಳೇ ಕಾಲದವರು ಅಂದುಕೊಳ್ಳಬೇಡಿ, ಗಂಟಿನ ಗಾತ್ರ, ಜಾಗ ಅದನ್ನು ತೀರ್ಮಾನಿಸುತ್ತದೆ.

ಮೂರನೆಯದು ರಕ್ತ. ಗುಂಪು ಯಾವುದು ಅಂತ ಈಗಲೇ ತಿಳಿದುಕೊಳ್ಳಿ. ದಾನಿಗಳನ್ನು ಊರಿನಿಂದಲೇ ಹೊಂದಿಸಿಕೊಂಡು ಹೋಗಿ. ನೆಗೆಟಿವ್ ಗುಂಪಾದರೆ ಇನ್ನೂ ಮೊದಲೇ. ಹಿಂದಿನ ದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಕೂಗಿಕೊಳ್ಳುವ ಪರಿಸ್ಥಿತಿ ಬೇಡ.

ಗುಣವಂತೆ_ಇಎನ್‌ಟಿ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಂಬೋಲೈಸೇಷನ್ ಕೂಡ ಅಪಾಯವೇ ಇಲ್ಲದ ಕೆಲಸ ಅಲ್ಲ. ಕಣಗಳು ದಾರಿ ತಪ್ಪಿ ಕಣ್ಣಿನ ನಾಳಕ್ಕೋ ಮೆದುಳಿಗೋ ಹೋದರೆ ದೃಷ್ಟಿ ಹೋಗಬಹುದು, ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಸಹಿ ಹಾಕುವ ಮೊದಲು ಕೇಳಿ ತಿಳಿದುಕೊಳ್ಳಬೇಕು. ಮೆದುಳಿಗೆ ಹೋಗುವ ದೊಡ್ಡ ಅಪಧಮನಿಯ ಕವಲುಗಳಿಂದಲೂ ಗಂಟಿಗೆ ರಕ್ತ ಬರುತ್ತಿದ್ದರೆ ಅವನ್ನು ಹಾಗೆ ಸುಲಭವಾಗಿ ಮುಚ್ಚಲಾಗದು. ಚಿಕ್ಕ ಗಂಟಾದರೆ ಕೆಲವು ಸರ್ಜನ್‌ಗಳು ಎಂಬೋಲೈಸೇಷನ್ ಇಲ್ಲದೆ, ಆಪರೇಷನ್ ನಡುವೆಯೇ ನಾಳಕ್ಕೆ ಕ್ಲಿಪ್ ಹಾಕಿ ಮುಗಿಸುತ್ತಾರೆ. ಮುಚ್ಚಿದ ಮೇಲೆ ಗಂಟು ಸುಕ್ಕಿ ಅದರ ಅಂಚು ಸರಿಯಾಗಿ ಕಾಣದೆ ಚೂರು ಉಳಿದುಬಿಡಬಹುದು ಅನ್ನುವವರೂ ಇದ್ದಾರೆ. ನಮ್ಮ ಸೀನಿಯರ್‌ಗಳೇ ಇದರ ಮೇಲೆ ಜಗಳ ಆಡುತ್ತಾರೆ. ನನಗೆ ಕೇಳಿದರೆ ಸೈನಸ್ ದಾಟಿ ಹೋದ ಗಂಟಿಗೆ ಎಂಬೋಲೈಸೇಷನ್ ಇರಲಿ ಅನ್ನುತ್ತೇನೆ.

ಕೋಡಿಭಾಗ_ಅಪ್ಪ (ಕಾರವಾರ)

ನನ್ನ ಮಗನಿಗೆ ಆಪರೇಷನ್ ಆದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡು ಸಿಹಿ ಹಂಚಿದೆವು. ಮರುವರ್ಷದ ಎಂಆರ್‌ಐಯಲ್ಲಿ ಚೂರು ಉಳಿದದ್ದು ಕಂಡಿತು, ಬೆಳೆಯುತ್ತಲೂ ಇತ್ತು. ತಲೆಬುರುಡೆ ತಳದ ಮೂಳೆಯ ಸಂದಿಯಲ್ಲಿ ಕೂತಿತ್ತಂತೆ. ಮತ್ತೆ ಆಪರೇಷನ್ ಮಾಡಿದರು, ಆ ಸಲ ಮೂಳೆಯನ್ನೂ ಡ್ರಿಲ್ ಮಾಡಿದರು. ಆಮೇಲಿನ ಸ್ಕ್ಯಾನ್‌ಗಳೆಲ್ಲ ಚೊಕ್ಕ ಬಂದಿವೆ.

ರೇಡಿಯೇಷನ್ ಕೊಡಿ, ಮತ್ತೆ ಕೊಯ್ಯುವುದು ಬೇಡ ಅಂತ ನಾನೇ ಕೇಳಿದ್ದೆ. ಡಾಕ್ಟರು ಒಪ್ಪಲಿಲ್ಲ. ತೆಗೆಯಲಾಗದ ಜಾಗದಲ್ಲಿ, ಮೆದುಳಿನ ಹತ್ತಿರ ಉಳಿದರೆ ಮಾತ್ರ ಅದು, ಸುಮಾರು 30ರಿಂದ 36 ಗ್ರೇ (ರೇಡಿಯೇಷನ್ ಅಳತೆ) ಕೊಡುತ್ತಾರೆ, ಗಂಟು ನಿಧಾನವಾಗಿ ಕುಗ್ಗುತ್ತದೆ. ಆದರೆ ಈ ವಯಸ್ಸಿಗೆ ಕೊಟ್ಟರೆ ಮುಖದ ಮೂಳೆ ಬೆಳವಣಿಗೆ, ಕಣ್ಣಿನ ಪೊರೆ, ಮುಂದೆ ಎಂದೋ ಅದೇ ಜಾಗದಲ್ಲಿ ಕ್ಯಾನ್ಸರ್, ಇವುಗಳ ಭಯ ಇದೆ ಅಂತ ವಿವರಿಸಿದರು. ಆಗ ಸುಮ್ಮನಾದೆ.

ಆಪರೇಷನ್ ನಂತರ ಮಗನಿಗೆ ಆ ಕಡೆ ಕೆನ್ನೆ ಮರಗಟ್ಟಿದ ಹಾಗಿತ್ತು, ಸುಮಾರು ದಿನ. ಕಣ್ಣು ಒಣಗುತ್ತದೆ, ಡ್ರಾಪ್ಸ್ ಹಾಕುತ್ತಾನೆ. ಮೂಗಿನಲ್ಲಿ ಹಕ್ಕಳೆ ಕಟ್ಟುತ್ತದೆ, ಉಪ್ಪು ನೀರಿನಲ್ಲಿ ತೊಳೆಯುತ್ತಲೇ ಇರಬೇಕು. ಇದನ್ನೆಲ್ಲ ಮೊದಲೇ ಯಾರಾದರೂ ಹೇಳಿದ್ದರೆ ಅವನು ಅಷ್ಟು ಗಾಬರಿ ಆಗುತ್ತಿರಲಿಲ್ಲ.

ದುಡ್ಡಿನ ಬಗ್ಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆಯಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30, ಗರಿಷ್ಠ 1.5 ಲಕ್ಷ. ತುರ್ತು ಅಲ್ಲದಿದ್ದರೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಅದನ್ನು ಕಾರವಾರದಲ್ಲೋ ನಿಮ್ಮ ತಾಲೂಕು ಆಸ್ಪತ್ರೆಯಲ್ಲೋ ಮೊದಲೇ ಮಾಡಿಸಿಕೊಳ್ಳಿ. ಹೋದ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ, ಅವರನ್ನು ಹಿಡಿಯಿರಿ. ಎಂಬೋಲೈಸೇಷನ್ ಪ್ಯಾಕೇಜ್‌ನಲ್ಲಿ ಸೇರುತ್ತದಾ ಇಲ್ಲವಾ ಅಂತ ಬಾಯಿ ಬಿಟ್ಟು ಕೇಳಿ. ನಮಗೆ ಅಲ್ಲೇ ಎಡವಟ್ಟಾಗಿದ್ದು.

ಕಾನಸೂರು_ಅಡಿಕೆ

ಎಲ್ಲದಕ್ಕೂ ಘಾಟ್ ಹತ್ತಬೇಕು ಇಲ್ಲ ಮಣಿಪಾಲಕ್ಕೆ ಓಡಬೇಕು. ಜಿಲ್ಲೆಯಲ್ಲಿ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಅಂತ ಕೂಗಿ ಕೂಗಿ ಗಂಟಲು ಒಣಗಿತು. ಓಟಿನ ಟೈಮಲ್ಲಿ ಮಾತ್ರ ಎಲ್ಲರಿಗೂ ನೆನಪಾಗುತ್ತದೆ.

ಮಾಡರೇಟರ್

ಆಸ್ಪತ್ರೆ ಬೇಡಿಕೆಗೆ ಬೇರೆ ಚರ್ಚೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಡಾಕ್ಟರರ ಹೆಸರು, ಫೋನ್ ನಂಬರ್ ಹಾಕಿದ ಎರಡು ಕಾಮೆಂಟ್ ತೆಗೆದಿದ್ದೇನೆ.

ಗಂಗಾವಳಿ_ಮಾವ

ತದಡಿಯವರು ಭಾವನ ಹತ್ತಿರ ಮಾತಾಡಿದರು. ಏನು ಹೇಳಿದರೋ ಗೊತ್ತಿಲ್ಲ, ಬಯಾಪ್ಸಿ ಸುದ್ದಿ ಮತ್ತೆ ಎತ್ತಿಲ್ಲ. ಸ್ಕ್ಯಾನ್ ಎರಡೂ ಆಯಿತು. ರಿಪೋರ್ಟಿನಲ್ಲಿ ಇರುವುದು ಇಷ್ಟು: ಎಡಗಡೆ ಸ್ಫೀನೋಪ್ಯಾಲಟೈನ್ ರಂಧ್ರ ಅಗಲವಾಗಿದೆ. ಗಂಟು ಮೂಗಿನ ಹಿಂಭಾಗ, ಸ್ಫೀನಾಯ್ಡ್ ಸೈನಸ್, ಟೆರಿಗೋಪ್ಯಾಲಟೈನ್ ಫಾಸಾ ತುಂಬಿ ಇನ್‌ಫ್ರಾಟೆಂಪೊರಲ್ ಕಡೆ ಸ್ವಲ್ಪ ಹೋಗಿದೆ. ಸೈನಸ್‌ನ ಹಿಂದಿನ ಗೋಡೆ ಮುಂದಕ್ಕೆ ಬಾಗಿದೆ. ಕಣ್ಣಿನ ಗೂಡು, ಮೆದುಳು ಸರಿಯಾಗಿದೆ. ಕೊನೆಯಲ್ಲಿ ರ್‍ಯಾಡ್‌ಕೋವ್ಸ್ಕಿ 2ಸಿ ಅಂತ ಇದೆ. ಇದು ಒಳ್ಳೆಯದಾ ಕೆಟ್ಟದ್ದಾ? ಹಿಮೋಗ್ಲೋಬಿನ್ 9 ಬಂದಿದೆ.

ಇನ್ನು ಒಂದು ಪ್ರಶ್ನೆ. ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ. ಅದು ಮುಗಿದ ಮೇಲೆ ಆಪರೇಷನ್ ಮಾಡಿಸಿದರೆ ಆಗುತ್ತದಾ ಅಂತ ಅಕ್ಕ ಕೇಳುತ್ತಾಳೆ.

ಗುಣವಂತೆ_ಇಎನ್‌ಟಿ

ಬಾಗಿದ ಗೋಡೆ ಕಂಡಿತಲ್ಲ, ಭಾವನಿಗೆ ಆ ಸ್ಕ್ಯಾನ್ ಚಿತ್ರವನ್ನೇ ತೋರಿಸಿ. ರ್‍ಯಾಡ್‌ಕೋವ್ಸ್ಕಿ 1996ರಲ್ಲಿ ಮಾಡಿದ ವಿಂಗಡಣೆ ಅದು. 1 ಅಂದರೆ ಮೂಗು ಮತ್ತು ಸೈನಸ್ ಒಳಗೇ ಇರುವುದು. 3 ಅಂದರೆ ತಲೆಬುರುಡೆ ತಳ ಸವೆಸಿದ್ದು. 2ಸಿ ನಡುವಿನದ್ದು, ದವಡೆ ಹಿಂದಿನ ಜಾಗಕ್ಕೆ (ರಿಪೋರ್ಟಿನಲ್ಲಿರುವ ಇನ್‌ಫ್ರಾಟೆಂಪೊರಲ್ ಅದೇ) ಹೋಗಿದೆ ಅಂತ ಅರ್ಥ. ಅನುಭವ ಇರುವ ಕಡೆ ಇದನ್ನು ಎಂಡೋಸ್ಕೋಪಿಯಲ್ಲೇ ತೆಗೆಯುತ್ತಾರೆ. ಎಂಬೋಲೈಸೇಷನ್ ಬೇಕೇ ಬೇಕಾಗಬಹುದು.

ಪರೀಕ್ಷೆವರೆಗೆ ಕಾಯುವುದು ನನಗೆ ಇಷ್ಟವಿಲ್ಲ. 2ಸಿ ಇರುವುದು 3 ಆಗಲು ಬಿಡಬಾರದು. ಹಿಮೋಗ್ಲೋಬಿನ್ ಈಗಲೇ 9ಕ್ಕೆ ಇಳಿದಿದೆ. ಕಬ್ಬಿಣದ ಮಾತ್ರೆ ಶುರು ಮಾಡಿದ್ದಾರಾ ಕೇಳಿ. ಆಸ್ಪಿರಿನ್, ಐಬುಪ್ರೊಫೆನ್ ಯಾವುದೂ ಕೊಡಬೇಡಿ, ತಲೆನೋವಿಗೆ ಪ್ಯಾರಾಸಿಟಮಾಲ್ ಸಾಕು. ರಕ್ತ ಬಂದರೆ ಮಲಗಿಸಬೇಡಿ, ತಲೆ ಹಿಂದಕ್ಕೆ ಬಗ್ಗಿಸಬೇಡಿ. ಕೂರಿಸಿ, ಮುಂದಕ್ಕೆ ಬಗ್ಗಿಸಿ, ಮೂಗಿನ ಮೆತ್ತನೆ ಭಾಗ ಒತ್ತಿ ಹಿಡಿದು, ಬಾಯಿಗೆ ಬಂದದ್ದನ್ನು ಉಗುಳಿಸಿ. ಇವನ ರಕ್ತ ಬರುವುದು ಹಿಂಭಾಗದಿಂದ, ಒತ್ತಿದರೂ ನಿಲ್ಲದೇ ಇರಬಹುದು. ಹತ್ತು ನಿಮಿಷ ನೋಡಿ ಹೊರಡಿ. ಕ್ಯಾಜುವಲ್ಟಿಯಲ್ಲಿ ಮೊದಲ ಮಾತೇ ಇದು ಜೆಎನ್‌ಎ ಅಂತ ಹೇಳಿ, ಸ್ಕ್ಯಾನ್ ಫೈಲ್ ಕೈಯಲ್ಲೇ ಇರಲಿ.

ಶಿರಸಿ_ಶಾಲಾಮೇಡಂ

ಪರೀಕ್ಷೆ ಬಗ್ಗೆ ನಾನು ಹೇಳುತ್ತೇನೆ, ಅದು ನನ್ನ ಕ್ಷೇತ್ರ. 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಹಾಗಾಗಿ ವರ್ಷ ಹಾಳಾಗುತ್ತದೆ ಅಂತ ಅಕ್ಕ ಹೆದರುವುದು ಬೇಡ. ಹೆಡ್‌ಮಾಸ್ಟರ ಹತ್ತಿರ ಈಗಲೇ ಮಾತಾಡಿ. ಹಾಜರಾತಿ ಕಡಿಮೆ ಬೀಳಬಹುದು, ಅದಕ್ಕೆ ಆಸ್ಪತ್ರೆಯ ಸರ್ಟಿಫಿಕೇಟ್ ಜೋಪಾನ ಮಾಡಿ.

ತಂಗಿಯ ಮಗಳಿಗೆ ನರರೋಗ ತಜ್ಞರ ಅಪಾಯಿಂಟ್‌ಮೆಂಟ್ ಸಿಕ್ಕಿತು, ಅದನ್ನೂ ಹೇಳಿಬಿಡುತ್ತೇನೆ.

ಗಂಗಾವಳಿ_ಮಾವ

ಅಕ್ಕ ಒಪ್ಪಿದಳು. ಎಂಬೋಲೈಸೇಷನ್, ಆಪರೇಷನ್ ಎರಡೂ ಒಂದೇ ಕಡೆ ಮಾಡುವ ಆಸ್ಪತ್ರೆಗೆ ಸೋಮವಾರ ಹೋಗುತ್ತಿದ್ದೇವೆ. ರೆಫರಲ್ ಪತ್ರ ಸಿಕ್ಕಿದೆ. ಹುಡುಗನದ್ದು ಬಿ ಪಾಸಿಟಿವ್. ಕ್ರಿಕೆಟ್ ಟೀಮಿನ ನಾಲ್ಕು ಹುಡುಗರು ತಯಾರಿದ್ದಾರೆ. ಭಾವ ಡಾಕ್ಟರಿಗೆ ಕೇಳಲು ಪ್ರಶ್ನೆ ಬರೆದುಕೊಂಡಿದ್ದಾನೆ, ನೋಟ್‌ಬುಕ್ಕಿನ ಎರಡು ಪುಟ.

ಓಟಿ_ಸಿಸ್ಟರ್

ಹುಡುಗರ ವಯಸ್ಸು ನೋಡಿಕೊಳ್ಳಿ ಅಣ್ಣಾ. ಹದಿನೆಂಟು ತುಂಬದವರ ರಕ್ತ ತೆಗೆದುಕೊಳ್ಳುವುದಿಲ್ಲ.

ಗಂಗಾವಳಿ_ಮಾವ

ಅಯ್ಯೋ, ಮೂವರು ಹತ್ತನೇ ಕ್ಲಾಸಿನವರೇ. ಬೇರೆಯವರನ್ನು ಹುಡುಕುತ್ತೇನೆ.

ತದಡಿ_ಮೆಕ್ಯಾನಿಕ್

ಬೋಟಿನವರು ಇದ್ದಾರೆ, ನಾನು ಕರೆತರುತ್ತೇನೆ. ಭಾನುವಾರ ಸಂಜೆ ಫೋನ್ ಮಾಡಿ.